ಅರ್ಧ ತಲೆ

ಎಡಗಿವಿಯಿಂದ ಹೊರಟು ನೆತ್ತಿಯವರೆಗೆ ಬಂದಿದ್ದೆ.
ಕೈಯೊಳಗಿನ ಮಶೀನು ಗೊರ್ ಅಂದು,
ಗೊ ಅಂದು, ಸುಮ್ಮನಾಯಿತು.
ಹೊರಗೆ ಚರಂಡಿಯ ಕಲ್ಲಿನ ಮೇಲೆ ಜನರೇಟರು
ಕೊನೆಯದೊಂದು ಕೆಮ್ಮು ಕೆಮ್ಮಿ ಮುಖ ತಿರುಗಿಸಿತು.

ಕುರ್ಚಿಯವನು ಕನ್ನಡಿ ನೋಡಿದ.
ಅರ್ಧ ಬೋಳು, ಅರ್ಧ ಕಾಡು.
‘ಎರಡೇ ನಿಮಿಷ ಅಣ್ಣಾ’ ಅಂದೆ.
ನಮ್ಮ ಅಬಾ ಪಟ್ಟಣದಲ್ಲಿ ಎರಡು ನಿಮಿಷವೆಂದರೇನು ಅಂತ
ಕರೆಂಟಿನವರು ಎಲ್ಲರಿಗೂ ಕಲಿಸಿಕೊಟ್ಟಿದ್ದಾರೆ.
ಅವನು ಏನೂ ಅನ್ನಲಿಲ್ಲ.

ಹಗ್ಗ ಎಳೆದೆ. ಚೋಕ್ ಹಾಕಿ ಎಳೆದೆ, ತೆಗೆದು ಎಳೆದೆ,
ಬೈದು ಎಳೆದೆ, ಬೆನ್ನು ಸವರಿ ಎಳೆದೆ,
ಹದಿನಾಲ್ಕನೆಯದಕ್ಕೆ ರಟ್ಟೆ ನನ್ನದಲ್ಲ ಅನ್ನಿಸಿತು.

ಅಷ್ಟರಲ್ಲಿ ಗಲ್ಲಿಗೆ ಗಲ್ಲಿಯೇ ಎಂಜಿನಿಯರಾಗಿತ್ತು.
‘ಪ್ಲಗ್ಗು ಸತ್ತಿದೆ’ ಅಂದಳು ಒಯಿರಿದಿಯಾ,
ಅವಳ ಹನ್ನೊಂದು ಬಾಡಿಗೆ ಫೋನುಗಳು
ನನ್ನ ತಂತಿಗೇ ಬಾಯಿ ಹಚ್ಚಿಕೊಂಡು ಕೂತಿದ್ದವು.
‘ಎಣ್ಣೆ ಜಾಸ್ತಿ ಬೆರೆಸಿದ್ದೀಯ’ ಅಂದ ಚಪ್ಪಲಿಯ ಎಮೆರೊಲೆ,
ಅಂಟು ಮೆತ್ತಿದ ಬೆರಳು ತೋರಿಸುತ್ತ.
ಮೆಕ್ಯಾನಿಕ್ಕಿನ ಹುಡುಗ ಬಗ್ಗಿಯೂ ನೋಡದೆ
ಎರಡು ಸಾವಿರ ನೈರಾ ಅಂದ.
ಮಕ್ಕಳು ಮಾತ್ರ ನೇರ ಒಳಗೆ ಹೋಗಿ
ಆ ತಲೆಯನ್ನೇ ನೋಡಿಕೊಂಡು ನಕ್ಕವು.

ಪ್ಲಗ್ಗು ಬಿಚ್ಚಿದೆ. ಲೋಹಕ್ಕೆ ತಾಗಿಸಿ ಹಗ್ಗ ಜಗ್ಗಿದರೆ
ಟಕ್ ಅಂತ ನೀಲಿ ಕಿಡಿ. ಜೀವ ಇದೆ.
ಆದರೆ ಪ್ಲಗ್ಗಿನ ತುದಿ ಒಣಗಿತ್ತು,
ಉಪವಾಸದ ನಾಲಿಗೆಯ ಹಾಗೆ.
ಕಿಡಿ ಇದೆ, ಉಣ್ಣಲು ಇಲ್ಲ.
ಟ್ಯಾಂಕಿನಲ್ಲಿ ನೋಡಿದರೆ ಅರ್ಧ ಪೆಟ್ರೋಲು.
ಕೊಳವೆ ಕಿತ್ತೆ: ಒಂದು ಹನಿ, ಎರಡು ಹನಿ,
ಮೂರನೆಯದು ತುದಿಗೆ ಬಂದು ತೂಗಿ
ಬೀಳಲೇ ಇಲ್ಲ.

ಇದ್ದೂ ಯಾಕೆ ಇಳಿಯುವುದಿಲ್ಲ ಇದು?
ತಲೆ ಕೆರೆದುಕೊಂಡೆ. ನನ್ನದು, ಪೂರ್ತಿ ಇರುವುದು.
ಸುಮ್ಮನೆ, ಬೇರೇನೂ ಹೊಳೆಯದ್ದಕ್ಕೆ,
ಟ್ಯಾಂಕಿನ ಮುಚ್ಚಳ ತಿರುಗಿಸಿದೆ.

ಹುಸ್...

ಪೆಟ್ರೋಲು ಕಾಲ ಮೇಲೆ ಸುರಿಯಿತು.

ಮುಚ್ಚಳದ ನಡುವೆ ಒಂದು ತೂತಿದೆ, ಸಾಸಿವೆಗಿಂತ ಸಣ್ಣದು,
ಗಾಳಿ ಒಳಗೆ ಬರಲಿ ಅಂತ ಮಾಡಿದ್ದು.
ಗಾಳಿ ಬಾರದೆ ಎಣ್ಣೆ ಇಳಿಯದು.
ಅದರಲ್ಲಿ ಮಸಿ, ಧೂಳು, ಮತ್ತೆ ಕೂದಲು.
ಯಾರದೋ, ಎಂದಿನದೋ, ನಾನೇ ಕತ್ತರಿಸಿ
ನಾನೇ ಗುಡಿಸಿ ಹೊರಗೆ ತಳ್ಳಿದ್ದು.
ಕೂದಲೆಳೆಯಲ್ಲಿ ಪಾರಾದವರ ಕತೆ ಬಹಳ ಕೇಳಿದ್ದೇನೆ,
ಕೂದಲೆಳೆಗೆ ಸಿಕ್ಕಿ ನಿಂತ ಎಂಜಿನ್ನು ನನ್ನದೊಂದೇ ಇರಬೇಕು.

ದರ್ಜಿ ಉಗೊಯೆಜೆಯ ಹತ್ತಿರ ಸೂಜಿ ಇಸಿದುಕೊಂಡೆ.
ಚುಚ್ಚಿದೆ, ಊದಿದೆ, ಬೆಳಕಿಗೆ ಹಿಡಿದೆ:
ತೂತಿನಲ್ಲಿ ಒಂದು ಚೂರು ಆಕಾಶ.

ಚೆಲ್ಲಿದ್ದನ್ನು ಒರೆಸಿ, ಎಲ್ಲ ಜೋಡಿಸಿ ಎಳೆದೆ.
ಮೂರನೆಯ ಎಳೆತಕ್ಕೆ ನೀಲಿ ಹೊಗೆ ಕಾರಿ
ಗಲ್ಲಿಯ ಬಾಯಿ ಮುಚ್ಚಿಸಿತು.
ಒಯಿರಿದಿಯಾಳ ಫೋನುಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಒಳಗೆ ಬಂದೆ. ಅವನು ಹಾಗೇ ಕೂತಿದ್ದ,
ಕೊರಳಿಗೆ ಬಟ್ಟೆ ಕಟ್ಟಿಕೊಂಡು.
‘ಬದಿಗೆ ಸ್ವಲ್ಪ ಉಳಿಸಲಾ?’ ಕೇಳಿದೆ, ಈಗ.
ಮೊದಲೇ ಕೇಳಬೇಕಿತ್ತು.
‘ಏನೂ ಬೇಡ. ಚರ್ಮ ಕಾಣಲಿ.
ಶುಕ್ರವಾರ ಅವ್ವನ ಮಣ್ಣು.’

ಬಾಗಿಲಲ್ಲಿದ್ದ ಮಕ್ಕಳನ್ನು ಓಡಿಸಿದೆ.
ನೆತ್ತಿಯಿಂದ ಬಲಗಿವಿಯ ಕಡೆ ಇಳಿಯುತ್ತಿರುವಾಗ
ಅವನೇ ಕೇಳಿದ:
‘ಮುಚ್ಚಳ ತೆಗೆದಾಗ ಹುಸ್ ಅಂತಲ್ಲ, ಏನದು?’
‘ಗಾಳಿ.’
‘ಹೊರಗೆ ಹೋಗಿದ್ದೋ, ಒಳಗೆ ಬಂದಿದ್ದೋ?’
‘ಒಳಗೆ ಬಂದಿದ್ದು.’
ಅವನು ತಲೆ ಇನ್ನೂ ಕೊಂಚ ಬಗ್ಗಿಸಿದ,
ನನಗೆ ಅನುಕೂಲವಾಗಲಿ ಅಂತಲೇ ಇರಬಹುದು.

ಆ ಸೂಜಿ ಕ್ಯಾಲೆಂಡರಿಗೆ ಚುಚ್ಚಿಕೊಂಡು ನನ್ನಲ್ಲೇ ಇದೆ.
ಶನಿವಾರ ಶನಿವಾರ ತೂತು ಚುಚ್ಚುತ್ತೇನೆ.
ಉಗೊಯೆಜೆ ಕೇಳುತ್ತಲೇ ಇದ್ದಾಳೆ,
ನಾಳೆ ಕೊಡುತ್ತೇನೆ ಅನ್ನುತ್ತಲೇ ಇದ್ದೇನೆ.